ಓದುಗರ ಪ್ರಶ್ನೆ, ವೈದ್ಯರ ಉತ್ತರ: ಸ್ಟ್ಯಾಟಿನ್ ಒಗ್ಗದವರಿಗೆ ಜೋಡಿ ಮಾತ್ರೆ

ಪ್ರಶ್ನೆ: ನನಗೆ 61 ವರ್ಷ. ಎರಡು ವರ್ಷಗಳ ಹಿಂದೆ ಹೃದಯಾಘಾತವಾಗಿ ಸ್ಟೆಂಟ್ ಹಾಕಿದ್ದಾರೆ. ಮೊದಲು ಅಟೊರ್ವಾಸ್ಟ್ಯಾಟಿನ್, ಆಮೇಲೆ ಅತಿ ಕಡಿಮೆ ಪ್ರಮಾಣದ ರೋಸುವಾಸ್ಟ್ಯಾಟಿನ್ ಕೊಟ್ಟರು. ಎರಡು ಸಲವೂ ಮೂರು ವಾರ ಕಳೆಯುವಷ್ಟರಲ್ಲಿ ತೊಡೆಗಳಲ್ಲಿ ನೋವು ಹಿಡಿದು ಮೆಟ್ಟಿಲು ಹತ್ತುವುದೇ ಕಷ್ಟವಾಯಿತು. ಮಾತ್ರೆ ಬಿಟ್ಟ ಮೇಲೆ ನೋವು ಹೋಯಿತು. ಈಗ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟರಾಲ್) 148 ಇದೆ. ಬೆಂಪೆಡೊಯಿಕ್ ಆಮ್ಲ ಮತ್ತು ಎಜೆಟಿಮೈಬ್ ಎರಡೂ ಸೇರಿರುವ ಒಂದು ಮಾತ್ರೆಯನ್ನು ಬರೆದುಕೊಟ್ಟಿದ್ದಾರೆ. ಒಂದು ಔಷಧಿಯೇ ಒಗ್ಗದ ಮೈಗೆ ಎರಡು ಒಟ್ಟಿಗೆ ಒಗ್ಗೀತೇ?

ಉತ್ತರ: ನಿಮ್ಮ ಅಳುಕು ಸಹಜ. ಆದರೆ ನಿಮಗೆ ಒಗ್ಗದೆ ಹೋದದ್ದು ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಎಂಬ ಒಂದು ವರ್ಗದ ಔಷಧಿ. ಈಗ ಬರೆದುಕೊಟ್ಟಿರುವ ಎರಡೂ ಆ ವರ್ಗಕ್ಕೆ ಸೇರಿದವಲ್ಲ. ಯಕೃತ್ತು ಕೊಲೆಸ್ಟರಾಲ್ ತಯಾರಿಸುವುದು ಹಲವು ಹಂತಗಳಲ್ಲಿ. ಸ್ಟ್ಯಾಟಿನ್ ಅವುಗಳಲ್ಲೊಂದು ಹಂತವನ್ನು ತಡೆದರೆ, ಬೆಂಪೆಡೊಯಿಕ್ ಆಮ್ಲ ಅದೇ ಸಾಲಿನಲ್ಲಿ ಅದಕ್ಕಿಂತ ಮುಂಚಿನ ಹಂತವನ್ನು ತಡೆಯುತ್ತದೆ. ಸಾಲು ಒಂದೇ ಆದರೂ ಮುಖ್ಯವಾದ ವ್ಯತ್ಯಾಸವೊಂದಿದೆ. ನೀವು ನುಂಗುವ ಬೆಂಪೆಡೊಯಿಕ್ ಆಮ್ಲ ಆ ರೂಪದಲ್ಲಿ ಏನೂ ಕೆಲಸ ಮಾಡುವುದಿಲ್ಲ. ಅದನ್ನು ಚುರುಕುಗೊಳಿಸುವ ಕಿಣ್ವ ಯಕೃತ್ತಿನಲ್ಲಿದೆ, ತೊಡೆ ಮೀನಖಂಡಗಳ ಸ್ನಾಯುಗಳಲ್ಲಿ ಇಲ್ಲ. ಹಾಗಾಗಿ ರಕ್ತದ ಜೊತೆ ಸ್ನಾಯುಗಳನ್ನು ತಲುಪಿದರೂ ಅದು ಅಲ್ಲಿ ನಿಷ್ಕ್ರಿಯವಾಗಿಯೇ ಉಳಿಯುತ್ತದೆ.

ಎಜೆಟಿಮೈಬ್‌ನ ಕೆಲಸ ನಡೆಯುವುದು ಸಣ್ಣಕರುಳಿನ ಗೋಡೆಯಲ್ಲಿ. ಕರುಳಿಗೆ ಬಂದು ಬೀಳುವ ಕೊಲೆಸ್ಟರಾಲ್‌ನಲ್ಲಿ ಆಹಾರದಿಂದ ಬರುವುದಕ್ಕಿಂತ ಪಿತ್ತರಸದ ಮೂಲಕ ಬರುವುದೇ ಹೆಚ್ಚು. ಅದು ಮತ್ತೆ ರಕ್ತಕ್ಕೆ ಸೇರದಂತೆ ಈ ಔಷಧಿ ತಡೆಯುತ್ತದೆ. ಎರಡನ್ನು ಜೋಡಿಸುವುದರ ಹಿಂದಿನ ತರ್ಕವೂ ಇಲ್ಲೇ ಇದೆ. ಕರುಳಿನ ದಾರಿಯೊಂದನ್ನೇ ಮುಚ್ಚಿದರೆ ಯಕೃತ್ತು ಸುಮ್ಮನಿರುವುದಿಲ್ಲ, ತನ್ನ ತಯಾರಿಕೆಯನ್ನು ಹೆಚ್ಚಿಸಿಕೊಂಡು ಕೊರತೆಯನ್ನು ತುಂಬಿಕೊಳ್ಳಲು ನೋಡುತ್ತದೆ. ಎರಡೂ ಕಡೆ ತಡೆ ಹಾಕಿದಾಗ ಆ ಅವಕಾಶ ಕಡಿಮೆಯಾಗುತ್ತದೆ. 180 ಮಿ.ಗ್ರಾಂ ಬೆಂಪೆಡೊಯಿಕ್ ಆಮ್ಲ ಮತ್ತು 10 ಮಿ.ಗ್ರಾಂ ಎಜೆಟಿಮೈಬ್ ಇರುವ ಈ ಜೋಡಿ ಮಾತ್ರೆಗೆ ಅಮೆರಿಕದಲ್ಲೂ ಯುರೋಪಿನಲ್ಲೂ ಅನುಮತಿ ದೊರೆತದ್ದು 2020ರಲ್ಲಿ. ದಿನಕ್ಕೆ ಒಂದು ಸಲ, ಊಟಕ್ಕೆ ಮುಂಚೆಯಾದರೂ ಸರಿ, ನಂತರವಾದರೂ ಸರಿ, ಇಡಿಯಾಗಿ ನುಂಗಬೇಕು.

ಫಲವೆಷ್ಟು ಎಂಬುದನ್ನು ನಿಮ್ಮದೇ ಲೆಕ್ಕದಲ್ಲಿ ನೋಡೋಣ. ಎಜೆಟಿಮೈಬ್ ಒಂದೇ ಆದರೆ ಎಲ್‌ಡಿಎಲ್ ಸುಮಾರು ಶೇ. 20ರಷ್ಟು ಇಳಿಯುತ್ತದೆ, ಬೆಂಪೆಡೊಯಿಕ್ ಆಮ್ಲವೊಂದೇ ಆದರೂ ಹೆಚ್ಚುಕಡಿಮೆ ಅಷ್ಟೇ. ಎರಡೂ ಸೇರಿದರೆ ಸುಮಾರು ಶೇ. 36ರಿಂದ 38ರಷ್ಟು ಇಳಿಕೆಯನ್ನು ನಿರೀಕ್ಷಿಸಬಹುದು. ಅಂದರೆ ನಿಮ್ಮ 148 ಎಂಬುದು 92ರಿಂದ 95ರ ಆಸುಪಾಸಿಗೆ ಬರುತ್ತದೆ. ಹೃದಯಾಘಾತ ಆದವರಿಗೆ ಯುರೋಪಿನ ಹೃದ್ರೋಗ ತಜ್ಞರ ಮಾರ್ಗಸೂಚಿ ಹೇಳುವ ಗುರಿ 55ಕ್ಕಿಂತ ಕಡಿಮೆ. ಆದ್ದರಿಂದ ಈ ಮಾತ್ರೆಯನ್ನು ತಪ್ಪದೆ ನುಂಗಿದರೂ ನೀವು ಗುರಿ ಮುಟ್ಟುವ ಸಾಧ್ಯತೆ ಕಡಿಮೆ ಎಂಬುದನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು. ಮೂರು ತಿಂಗಳ ನಂತರ ವರದಿ ನೋಡಿ ‘ಇದೂ ಕೆಲಸ ಮಾಡಲಿಲ್ಲ’ ಎಂದು ಮಾತ್ರೆಯನ್ನು ಕೈಬಿಡುವವರಿದ್ದಾರೆ. ಕೆಲಸ ಮಾಡಿರುತ್ತದೆ, ಸಾಲದಾಗಿರುತ್ತದೆ, ಅಷ್ಟೆ. ಆಗ ಮುಂದಿನ ಹೆಜ್ಜೆ ಎರಡು ವಾರಕ್ಕೊಮ್ಮೆ ಚರ್ಮದಡಿ ಕೊಡುವ ಅಲಿರೊಕುಮ್ಯಾಬ್ ಅಥವಾ ಎವೊಲೊಕುಮ್ಯಾಬ್ ಚುಚ್ಚುಮದ್ದು. ಇವು ಎಲ್‌ಡಿಎಲ್ ಅನ್ನು ಶೇ. 60ರವರೆಗೂ ಇಳಿಸಬಲ್ಲವು. ನಿಮ್ಮಷ್ಟು ಅಪಾಯವಿರುವವರಲ್ಲಿ ಇವನ್ನು ತಡಮಾಡದೆ ಸೇರಿಸಬೇಕೆಂಬುದು ನನ್ನ ಅಭಿಪ್ರಾಯ.

ಅಂಕಿ ಇಳಿದರೆ ಸಾಕೇ, ಹೃದಯಕ್ಕೆ ನಿಜವಾಗಿ ಲಾಭವಿದೆಯೇ ಎಂದು ನೀವು ಕೇಳಿಲ್ಲ, ಆದರೆ ಕೇಳಬೇಕಾದ ಪ್ರಶ್ನೆ ಅದು. ಸ್ಟ್ಯಾಟಿನ್ ತೆಗೆದುಕೊಳ್ಳಲಾಗದ ಅಥವಾ ಒಲ್ಲದ 13,970 ಜನರ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಕ್ಲಿಯರ್ ಔಟ್‌ಕಮ್ಸ್ ಅಧ್ಯಯನದಲ್ಲಿ, ಮೂರು ವರ್ಷಕ್ಕೂ ಹೆಚ್ಚಿನ ಅವಧಿಯಲ್ಲಿ ಹೃದಯಾಘಾತ, ಪಾರ್ಶ್ವವಾಯು, ಹೃದಯ ರಕ್ತನಾಳದ ಕಾಯಿಲೆಯ ಸಾವು, ಸ್ಟೆಂಟ್ ಅಥವಾ ಬೈಪಾಸ್‌ನ ಅಗತ್ಯ ಇವೆಲ್ಲ ಸೇರಿ ಔಷಧಿಯಿಲ್ಲದ ಬರಿ ಮಾತ್ರೆ ನುಂಗಿದವರಲ್ಲಿ ಶೇ. 13.3 ಮಂದಿಗೆ ಎದುರಾದರೆ, ಬೆಂಪೆಡೊಯಿಕ್ ಆಮ್ಲದವರಲ್ಲಿ ಶೇ. 11.7 ಮಂದಿಗೆ ಎದುರಾದವು. ಸ್ನಾಯುನೋವು ಔಷಧಿಯವರಲ್ಲಿ ಹೆಚ್ಚಾಗಲಿಲ್ಲ. ಆದರೆ ಇದು ಆ ಒಂದು ಔಷಧಿಯ ಫಲಿತಾಂಶ, ಜೋಡಿ ಮಾತ್ರೆಯದಲ್ಲ. ಎಜೆಟಿಮೈಬ್‌ನ ಲಾಭವನ್ನು ತೋರಿಸಿದ ದೊಡ್ಡ ಅಧ್ಯಯನದಲ್ಲಿ ಅದನ್ನು ಸ್ಟ್ಯಾಟಿನ್ ಜೊತೆಗೇ ಕೊಡಲಾಗಿತ್ತು.

ಪ್ರಶ್ನೆ: ನಮ್ಮ ತಂದೆಯವರಿಗೆ 68 ವರ್ಷ, ಸಕ್ಕರೆ ಕಾಯಿಲೆಯಿದೆ. ಕಾಲಿನ ಹೆಬ್ಬೆರಳಿಗೆ ಎರಡು ಸಲ ಗೌಟ್ (ಯೂರಿಕ್ ಆಮ್ಲ ಹೆಚ್ಚಿ ಬರುವ ಕೀಲುನೋವು) ಬಂದಿತ್ತು. ಅವರಿಗೂ ಇದೇ ಜೋಡಿ ಮಾತ್ರೆಯನ್ನು ಸೂಚಿಸಿದ್ದಾರೆ. ಕೊಡಬಹುದೇ?

ಉತ್ತರ: ಗೌಟ್‌ನ ವಿಷಯವನ್ನು ಬರೆದುಕೊಟ್ಟ ವೈದ್ಯರಿಗೆ ತಿಳಿಸಿದ್ದೀರಾ? ಮಧುಮೇಹದ ತಪಾಸಣೆಗೆ ಹೋದಾಗ ಹೆಬ್ಬೆರಳಿನ ಹಳೆಯ ಕಥೆಯನ್ನು ಯಾರೂ ಹೇಳುವುದಿಲ್ಲ, ಎಷ್ಟೋ ಸಲ ನಾವೂ ಕೇಳುವುದಿಲ್ಲ. ಬೆಂಪೆಡೊಯಿಕ್ ಆಮ್ಲವು ಮೂತ್ರಪಿಂಡದಿಂದ ಯೂರಿಕ್ ಆಮ್ಲ ಹೊರಹೋಗುವ ಒಂದು ದಾರಿಗೆ ಅಡ್ಡ ಬರುವುದರಿಂದ, ರಕ್ತದಲ್ಲಿ ಅದರ ಮಟ್ಟ ಏರುತ್ತದೆ. ಈ ಏರಿಕೆ ಸಾಮಾನ್ಯವಾಗಿ ಮೊದಲ ನಾಲ್ಕು ವಾರಗಳಲ್ಲೇ ಕಾಣಿಸಿಕೊಳ್ಳುತ್ತದೆ, ಔಷಧಿ ನಿಲ್ಲಿಸಿದರೆ ಇಳಿಯುತ್ತದೆ. ಮೇಲೆ ಹೇಳಿದ ಅಧ್ಯಯನದಲ್ಲಿ ಗೌಟ್ ಶೇ. 2.1ರಿಂದ 3.1ಕ್ಕೆ, ಪಿತ್ತಕೋಶದ ಕಲ್ಲು ಶೇ. 1.2ರಿಂದ 2.2ಕ್ಕೆ ಹೆಚ್ಚಿತ್ತು. ಒಟ್ಟಾರೆ ನೋಡಿದರೆ ಸಣ್ಣ ಅಂಕಿಗಳೇ, ಆದರೆ ಈಗಾಗಲೇ ಎರಡು ಸಲ ಗೌಟ್ ಅನುಭವಿಸಿದವರ ಅಪಾಯವನ್ನು ಈ ಸರಾಸರಿಯಿಂದ ಅಳೆಯಲಾಗದು.

ಹಾಗೆಂದು ಇದು ಅವರಿಗೆ ನಿಷಿದ್ಧವೇನಲ್ಲ. ನಾನಾಗಿದ್ದರೆ ಜೋಡಿ ಮಾತ್ರೆಯಿಂದ ಆರಂಭಿಸದೆ, ಮೊದಲು ಎಜೆಟಿಮೈಬ್ ಒಂದನ್ನೇ ಕೊಟ್ಟು, ಎಂಟು ವಾರಗಳ ನಂತರ ಎಲ್‌ಡಿಎಲ್ ನೋಡಿ, ಬೆಂಪೆಡೊಯಿಕ್ ಆಮ್ಲ ಬೇಕೇಬೇಕೆನಿಸಿದರೆ ಯೂರಿಕ್ ಆಮ್ಲ ಹತೋಟಿಯಲ್ಲಿದೆಯೇ ಎಂದು ಖಚಿತಪಡಿಸಿಕೊಂಡ ಮೇಲಷ್ಟೇ ಸೇರಿಸುತ್ತಿದ್ದೆ. ಜೋಡಿ ಮಾತ್ರೆಯ ತೊಡಕು ಇದೇ: ಏನಾದರೂ ತೊಂದರೆಯಾದರೆ ಎರಡರಲ್ಲಿ ಯಾವುದರಿಂದ ಎಂದು ತಿಳಿಯುವುದಿಲ್ಲ, ಒಂದನ್ನು ಬಿಟ್ಟು ಇನ್ನೊಂದನ್ನು ಮುಂದುವರಿಸಲೂ ಆಗುವುದಿಲ್ಲ.

ಇನ್ನೊಂದು ವಿಷಯ. ಬೆಂಪೆಡೊಯಿಕ್ ಆಮ್ಲದಿಂದ ಅಪರೂಪಕ್ಕೆ ಸ್ನಾಯುರಜ್ಜು (ಸ್ನಾಯುವನ್ನು ಮೂಳೆಗೆ ಸೇರಿಸುವ ಹುರಿ) ಹರಿದ ಪ್ರಕರಣಗಳಿವೆ. 60 ದಾಟಿದವರು, ಸ್ಟಿರಾಯ್ಡ್ ಅಥವಾ ಸಿಪ್ರೊಫ್ಲಾಕ್ಸಾಸಿನ್‌ನಂಥ ಪ್ರತಿಜೀವಕ ತೆಗೆದುಕೊಳ್ಳುವವರು ಎಚ್ಚರವಾಗಿರಬೇಕು; ಭುಜದಲ್ಲಿ ಅಥವಾ ಹಿಮ್ಮಡಿಯ ಮೇಲ್ಭಾಗದಲ್ಲಿ ನೋವು ಬಂದರೆ ಕೂಡಲೇ ಮಾತ್ರೆ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಸಕ್ಕರೆಯ ಬಗ್ಗೆ ಚಿಂತಿಸಬೇಡಿ. ಸ್ಟ್ಯಾಟಿನ್ ರಕ್ತದ ಸಕ್ಕರೆಯನ್ನು ತುಸು ಏರಿಸಬಹುದು, ಬೆಂಪೆಡೊಯಿಕ್ ಆಮ್ಲದಲ್ಲಿ ಅದು ಕಂಡುಬಂದಿಲ್ಲ.

ಪ್ರಶ್ನೆ: ಸ್ಟ್ಯಾಟಿನ್‌ನಿಂದ ಮೈಕೈ ನೋವೆಂದು ಹೇಳಿದಾಗ ‘ಎಲ್ಲ ನಿಮ್ಮ ಭ್ರಮೆ’ ಎಂದರು. ನಾನು ಸುಳ್ಳು ಹೇಳುತ್ತಿದ್ದೇನೆಯೇ?

ಉತ್ತರ: ಖಂಡಿತ ಇಲ್ಲ, ಹಾಗೆ ಹೇಳಿದ್ದು ತಪ್ಪು. ಆದರೆ ನೋವು ನಿಜವಾಗಿದ್ದೂ ಅದರ ಕಾರಣ ಔಷಧಿಯಲ್ಲದಿರಬಹುದು. ಈ ಎರಡು ಮಾತುಗಳ ನಡುವೆ ವಿರೋಧವಿಲ್ಲ. 2020ರಲ್ಲಿ ಪ್ರಕಟವಾದ ಸ್ಯಾಮ್ಸನ್ ಎಂಬ ಅಧ್ಯಯನಕ್ಕೆ, ಅಡ್ಡಪರಿಣಾಮದಿಂದಾಗಿ ಎರಡೇ ವಾರಗಳೊಳಗೆ ಸ್ಟ್ಯಾಟಿನ್ ಬಿಟ್ಟಿದ್ದ 60 ಜನರನ್ನು ಸೇರಿಸಿಕೊಂಡಿದ್ದರು. ಒಬ್ಬೊಬ್ಬರಿಗೂ ಹನ್ನೆರಡು ಬಾಟಲಿ, ತಿಂಗಳಿಗೊಂದು: ನಾಲ್ಕರಲ್ಲಿ ಸ್ಟ್ಯಾಟಿನ್, ನಾಲ್ಕರಲ್ಲಿ ಔಷಧಿಯಿಲ್ಲದ ಮಾತ್ರೆ, ನಾಲ್ಕು ಖಾಲಿ. ಮಾತ್ರೆಯಿರುವ ಬಾಟಲಿಗಳಲ್ಲಿ ಯಾವುದರಲ್ಲಿ ಏನಿದೆ ಎಂದು ಯಾರಿಗೂ ಗೊತ್ತಿರಲಿಲ್ಲ. ದಿನವೂ ಅವರು ತಮ್ಮ ನೋವು ಮುಂತಾದ ತೊಂದರೆಗಳ ತೀವ್ರತೆಗೆ ಸೊನ್ನೆಯಿಂದ ನೂರರವರೆಗೆ ಅಂಕ ಕೊಡಬೇಕಿತ್ತು. ಖಾಲಿ ತಿಂಗಳಲ್ಲಿ ಸರಾಸರಿ 8 ಇದ್ದ ಅಂಕ ಸ್ಟ್ಯಾಟಿನ್ ತಿಂಗಳಲ್ಲಿ 16.3ಕ್ಕೆ ಏರಿತು, ಬರಿ ಮಾತ್ರೆಯ ತಿಂಗಳಲ್ಲೂ 15.4ಕ್ಕೆ ಏರಿತು! ತಮ್ಮದೇ ಅಂಕಗಳನ್ನು ನೋಡಿದ ಮೇಲೆ ಅವರಲ್ಲಿ ಅರ್ಧದಷ್ಟು ಜನ ಮತ್ತೆ ಸ್ಟ್ಯಾಟಿನ್ ಶುರುಮಾಡಿದರು.

ಆದ್ದರಿಂದ ಜೋಡಿ ಮಾತ್ರೆಗೆ ಹೋಗುವ ಮುನ್ನ ಕನಿಷ್ಠ ಎರಡು ಬೇರೆ ಸ್ಟ್ಯಾಟಿನ್‌ಗಳನ್ನು, ಅವುಗಳಲ್ಲಿ ಒಂದನ್ನಾದರೂ ಅತಿ ಕಡಿಮೆ ಪ್ರಮಾಣದಲ್ಲಿ ಪ್ರಯತ್ನಿಸಿ ನೋಡಬೇಕು. ರೋಸುವಾಸ್ಟ್ಯಾಟಿನ್ ದೇಹದಲ್ಲಿ ಬಹಳ ಹೊತ್ತು ಉಳಿಯುವುದರಿಂದ ದಿನ ಬಿಟ್ಟು ದಿನ ಕೊಡುವುದೂ ಉಂಟು. ಥೈರಾಯ್ಡ್ ಪರೀಕ್ಷೆ ಮಾಡಿಸಿ. ಥೈರಾಯ್ಡ್ ಕೊರತೆಯೊಂದೇ ಸ್ನಾಯುನೋವನ್ನೂ ಕೊಲೆಸ್ಟರಾಲ್ ಏರಿಕೆಯನ್ನೂ ತರಬಲ್ಲದು. ನೋವಿನ ಜೊತೆ ಮೂತ್ರ ಕಡುಗಂದು ಬಣ್ಣಕ್ಕೆ ತಿರುಗಿದರೆ ಮಾತ್ರ ಯಾವ ಪ್ರಯೋಗಕ್ಕೂ ಕಾಯದೆ ಅಂದೇ ಆಸ್ಪತ್ರೆಗೆ ಹೋಗಬೇಕು.

ಪ್ರಶ್ನೆ: ಸ್ಟ್ಯಾಟಿನ್ ಒಗ್ಗದೆ ಬಿಟ್ಟು, ‘ನೈಸರ್ಗಿಕ’ವೆಂದು ಕೆಂಪು ಯೀಸ್ಟ್ ಅಕ್ಕಿಯ ಕ್ಯಾಪ್ಸೂಲ್ ತೆಗೆದುಕೊಳ್ಳುತ್ತಿದ್ದೇನೆ. ಜೊತೆಗೆ ಈ ಜೋಡಿ ಮಾತ್ರೆಯನ್ನು ಆರಂಭಿಸಬಹುದೇ?

ಉತ್ತರ: ನೀವು ಸ್ಟ್ಯಾಟಿನ್ ಬಿಟ್ಟಿಲ್ಲ. ಆ ಅಕ್ಕಿಯಲ್ಲಿ ಕೊಲೆಸ್ಟರಾಲ್ ಇಳಿಸುವ ಮೊನಕೊಲಿನ್ ಕೆ ಎಂಬ ವಸ್ತುವೂ, 1987ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಮೊದಲ ಸ್ಟ್ಯಾಟಿನ್ ಆದ ಲೋವಾಸ್ಟ್ಯಾಟಿನ್ ಕೂಡ ರಾಸಾಯನಿಕವಾಗಿ ಒಂದೇ. ಕ್ಯಾಪ್ಸೂಲ್‌ನಲ್ಲಿ ಅದೆಷ್ಟಿದೆ ಎಂಬ ಖಾತ್ರಿಯಿಲ್ಲ ಎಂಬುದಷ್ಟೇ ವ್ಯತ್ಯಾಸ. ಬೆಂಪೆಡೊಯಿಕ್ ಆಮ್ಲ ಕೆಲವು ಸ್ಟ್ಯಾಟಿನ್‌ಗಳ ಮಟ್ಟವನ್ನು ರಕ್ತದಲ್ಲಿ ಏರಿಸುವುದರಿಂದ, ಅದರೊಂದಿಗೆ 20 ಮಿ.ಗ್ರಾಂಗಿಂತ ಹೆಚ್ಚು ಸಿಮ್ವಾಸ್ಟ್ಯಾಟಿನ್ ಕೊಡಬಾರದೆಂಬ ನಿಯಮವೇ ಇದೆ. ಅಳತೆಯೇ ಗೊತ್ತಿಲ್ಲದ ಸ್ಟ್ಯಾಟಿನ್ ಅನ್ನು ಅದರ ಜೊತೆ ಸೇರಿಸುವುದು ಬೇಡ. ಕ್ಯಾಪ್ಸೂಲ್ ನಿಲ್ಲಿಸಿ, ಮುಂದಿನ ಭೇಟಿಗೆ ಹೋಗುವಾಗ ಆ ಡಬ್ಬಿಯನ್ನೂ ಔಷಧಿ ಚೀಟಿಯ ಜೊತೆ ಕೊಂಡೊಯ್ದು ವೈದ್ಯರಿಗೆ ತೋರಿಸಿ.