ಬಾಣ ಬಿಡಿ, ಹಾಲಿನ ಲೋಟ ನೋಡಿ

ನಮಸ್ಕಾರ,

ನಿಮ್ಮ ‘ಓಹಾಯೋ ದಾಟಿದವರು’ ಕಥೆ ಓದಿದೆ. ಈಗಿರುವ ಹಾಗೆ ಅಚ್ಚು ಹಾಕಲಾರೆ. ಹಾಗಂತ ಸುಮ್ನೆ ವಾಪಸ್ ಕಳಿಸುವ ಮನಸ್ಸೂ ಬರಲಿಲ್ಲ. 1818ರ ಅಮೆರಿಕದ ಇಂಡಿಯಾನಾ ಕಾಡು, ಮರ ಕಡಿದು ಮನೆ ಕಟ್ಟಿಕೊಂಡ ಒಂದು ಕುಟುಂಬ, ಕೊನೆಗೆ ಬಾಣ ತಾಗಿ ಸಾಯುವ ತಾಯಿ ಮಾರ್ತಾ. ಎಂಟು ಪುಟದಲ್ಲಿ ಮೂಲನಿವಾಸಿಗಳ ನಾಲ್ಕು ದಾಳಿ! ಎರಡನೆಯದು ಮುಗಿಯುವಷ್ಟರಲ್ಲೇ ಭಯ ಹೋಗಿ ಆಕಳಿಕೆ ಬರುತ್ತದೆ.

ಮೊದಲು ಸಣ್ಣ ತಪ್ಪು. ನಿಮ್ಮ ಸ್ಯಾಮುಯೆಲ್ ಒಂದೇ ಪಿಸ್ತೂಲಿನಿಂದ ಪಟಪಟ ಆರು ಗುಂಡು ಹಾರಿಸುತ್ತಾನೆ. ಕೋಲ್ಟ್ ರಿವಾಲ್ವರಿಗೆ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿದ್ದೇ 1836ರಲ್ಲಿ. ಇವನ ಕೈಯಲ್ಲಿರಬೇಕಾದ್ದು ಚಕಮಕಿ ಕಲ್ಲಿನ ಕೋವಿ. ಒಂದು ಸಲ ಹೊಡೆದ ಮೇಲೆ ನಳಿಗೆಗೆ ಮದ್ದು ಸುರಿಯಬೇಕು. ಸೀಸದ ಗುಂಡಿಗೆ ಬಟ್ಟೆ ಚೂರು ಸುತ್ತಿ, ಉದ್ದ ಕಡ್ಡಿಯಿಂದ ತಳದವರೆಗೆ ಒತ್ತಬೇಕು. ಕಿಡಿ ಬೀಳುವ ಪುಟ್ಟ ಬಟ್ಟಲಿಗೆ ಇನ್ನೊಂದು ಚಿಟಿಕೆ ಮದ್ದು. ಅದು ಮಳೆಗೆ ಒದ್ದೆಯಾದರೆ ಕಥೆ ಮುಗೀತು. ಇಷ್ಟೆಲ್ಲ ಆಗುವವರೆಗೆ ಎದುರಿಗಿದ್ದವನು ಏನು ಮಾಡುತ್ತಿರುತ್ತಾನೆ? ನಿಮಗೆ ಪುಕ್ಕಟೆ ಸಿಗುತ್ತಿದ್ದ ಬಿಗಿ ಅದು.

ದಾಳಿಗಳೇ ಸುಳ್ಳು ಅಂತಲ್ಲ, ಕಾಲ ತಪ್ಪಿದೆ. ನೀವು ಬರೆದಿರುವ ದಕ್ಷಿಣ ಇಂಡಿಯಾನಾದಲ್ಲಿ 1818ರ ಹೊತ್ತಿಗೆ ಅವು ಹೆಚ್ಚುಕಡಿಮೆ ನಿಂತಿದ್ದವು. ಅದೇ ಅಕ್ಟೋಬರಿನಲ್ಲಿ ಅಲ್ಲಿನ ಮೂಲನಿವಾಸಿಗಳಾದ ಡೆಲವೇರ್ ಜನ ಒಪ್ಪಂದಕ್ಕೆ ರುಜು ಹಾಕಿ ಇಂಡಿಯಾನಾದ ನೆಲವನ್ನೇ ಬಿಟ್ಟುಕೊಡಬೇಕಾಯಿತು. ಅವರನ್ನು ನೀವು ‘ಕಾಡಿನ ರಾಕ್ಷಸರು’ ಅಂದಿದ್ದೀರಿ. ಆ ಮಾತು ತೆಗೆಯಿರಿ. 1782ರಲ್ಲಿ ಓಹಾಯೋದ ನಾಡೆನ್‌ಹುಟ್ಟನ್‌ನಲ್ಲಿ ಕ್ರೈಸ್ತರಾಗಿದ್ದ 96 ಡೆಲವೇರ್ ಜನರನ್ನು ಪೆನ್ಸಿಲ್ವೇನಿಯಾದ ಬಿಳಿಯರ ಪಡೆ ಕೊಂದುಹಾಕಿತು. ಹೆಂಗಸರು ಮಕ್ಕಳು ಅಂತಲೂ ನೋಡಲಿಲ್ಲ.

ದಾಳಿ ಬೇಕೇ ಬೇಕು ಅಂದರೆ ಕಥೆಯನ್ನು 1786ರ ಕೆಂಟಕಿಗೆ ಒಯ್ಯಿರಿ. ಅಬ್ರಹಾಂ ಲಿಂಕನ್‌ನ ಅಜ್ಜ ಅಲ್ಲಿ ಹೊಲದಲ್ಲಿ ಕೆಲಸ ಮಾಡುತ್ತಿದ್ದಾಗ ಸತ್ತ. ಬಾಣಕ್ಕಲ್ಲ, ಗುಂಡಿಗೆ. ಬಂದೂಕು ಮೂಲನಿವಾಸಿಗಳ ಕೈಗೆ ಬಂದು ಆಗಲೇ ತಲೆಮಾರುಗಳಾಗಿದ್ದವು. ಪಕ್ಕದಲ್ಲೇ ಇದ್ದ ಅವನ ಸಣ್ಣ ಮಗ ಥಾಮಸ್ ಅದನ್ನು ಕಣ್ಣಾರೆ ನೋಡಿದ. ಇದೇ ಥಾಮಸ್ ಮುಂದೆ ಓಹಾಯೋ ನದಿ ದಾಟಿ ಇಂಡಿಯಾನಾಕ್ಕೆ ಬಂದ. ಅವನ ಹೆಂಡತಿ ನ್ಯಾನ್ಸಿ 1818ರ ಅಕ್ಟೋಬರಿನಲ್ಲಿ ತೀರಿಕೊಂಡಳು. ಯಾವ ದಾಳಿಯೂ ಆಗಿರಲಿಲ್ಲ. ಹಾಲು ಕುಡಿದಿದ್ದಳು, ಅಷ್ಟೇ. ಮಗ ಅಬ್ರಹಾಂನಿಗೆ ಆಗ ಒಂಬತ್ತು ವರ್ಷ. ಬಡಗಿಯಾಗಿದ್ದ ಥಾಮಸನೇ ಹೆಂಡತಿಯ ಶವಪೆಟ್ಟಿಗೆ ಮಾಡಿದ.

ಈಗ ನಿಮ್ಮ ಐದನೇ ಪುಟ ತೆಗೆಯಿರಿ. ‘ಮಾರ್ತಾ ಹಸು ಕರೆದು ಟಾಮ್‌ಗೆ ಬಿಸಿ ಹಾಲು ಕೊಟ್ಟಳು.’ ಇಡೀ ಕಥೆಯಲ್ಲಿ ಎಲ್ಲಕ್ಕಿಂತ ಅಪಾಯದ ವಾಕ್ಯ ಇದು, ನೀವು ಹಾಗೇ ದಾಟಿಕೊಂಡು ಹೋಗಿದ್ದೀರಿ! ಬೇಸಿಗೆ ಕೊನೆಯಲ್ಲಿ ಹುಲ್ಲು ಒಣಗಿದಾಗ ದನಗಳು ಮೇವಿಗೆ ಕಾಡಿನೊಳಗೆ ನುಗ್ಗುತ್ತಿದ್ದವು. ಮರದ ನೆರಳಲ್ಲಿ ಬೆಳೆಯುವ, ಬಿಳಿ ಹೂ ಬಿಡುವ ಒಂದು ಗಿಡ ತಿನ್ನುತ್ತಿದ್ದವು. ಅದರ ವಿಷ ಹಾಲಿಗೆ ಇಳಿಯುತ್ತಿತ್ತು. ದನಕ್ಕೆ ಮೈ ನಡುಕ, ಮನುಷ್ಯರಿಗೆ ವಾಂತಿ, ಸುಸ್ತು, ಉಸಿರಲ್ಲಿ ಕೆಟ್ಟ ವಾಸನೆ, ಆಮೇಲೆ ಪ್ರಜ್ಞೆ ತಪ್ಪುವುದು. ಕರು ಹಾಕಿದ ಹಸುವಿನಲ್ಲಿ ವಿಷ ಹಾಲಿನ ಜೊತೆ ಹೊರಗೆ ಹೋಗುವುದರಿಂದ ಎಷ್ಟೋ ಸಲ ಅದು ಚೆನ್ನಾಗಿಯೇ ಕಾಣುತ್ತಿತ್ತು. ವಿಜ್ಞಾನಿಗಳು ಆ ಗಿಡದ ವಿಷವನ್ನು ಗುರುತಿಸಿದ್ದು 1920ರ ದಶಕದಲ್ಲಿ. ಅಂದರೆ ಮಾರ್ತಾಳಿಗೆ ಯಾವುದಕ್ಕೆ ಹೆದರಬೇಕು ಅಂತಲೇ ಗೊತ್ತಿಲ್ಲ. ಕೋವಿ ಗೋಡೆಯ ಮೇಲಿದೆ, ಬಾಗಿಲಿಗೆ ಅಗಳಿ ಹಾಕಿದೆ, ಮಗನಿಗೆ ಹಾಲು ಕೊಡುತ್ತಿದ್ದಾಳೆ. ಇದಕ್ಕಿಂತ ಜಾಸ್ತಿ ಏನು ಬೇಕು ನಿಮಗೆ?

ನಿಮಗೆ ಬರೆಯಲು ಬರುತ್ತೆ, ಅದರಲ್ಲಿ ಅನುಮಾನ ಇಲ್ಲ. ಎರಡನೇ ಪುಟದಲ್ಲಿ ಮಾರ್ತಾ ಮರದ ದಿಮ್ಮಿಗಳ ಸಂದಿಗೆ ಕೆಸರು ಮೆತ್ತುತ್ತಾಳೆ. ಬೆರಳು ಮರಗಟ್ಟಿ, ಕೆಸರಿನ ಉಂಡೆ ಎಲ್ಲಿ ಮುಗಿಯಿತು, ಕೈ ಎಲ್ಲಿ ಶುರುವಾಯಿತು ಅಂತ ಅವಳಿಗೇ ತಿಳಿಯುವುದಿಲ್ಲ. ಆ ಪ್ಯಾರಾದ ಒಂದಕ್ಷರವನ್ನೂ ಮುಟ್ಟಬೇಡಿ. ಮೂರರಿಂದ ಎಂಟರವರೆಗೆ ಹೊಸದಾಗಿ ಬರೆಯಿರಿ, ನಾಲ್ಕು ದಾಳಿಯನ್ನೂ ಕಿತ್ತುಹಾಕಿ. ಹಾಲಿನ ಮೇಲೆ ಮೊದಲು ಅನುಮಾನ ಬರುವುದು ಯಾರಿಗೆ, ಅದು ಎಷ್ಟು ತಡವಾಗಿ ಬರುತ್ತೆ, ನೀವೇ ತೀರ್ಮಾನಿಸಿ. ಟಾಮ್ ಬದುಕಬೇಕೋ ಬೇಡವೋ ಅನ್ನುವುದೂ ನಿಮಗೇ ಬಿಟ್ಟಿದ್ದು.

ಡಿಸೆಂಬರ್ ಸಂಚಿಕೆಯಲ್ಲಿ ಜಾಗ ಇದೆ. ಅಕ್ಟೋಬರ್ ಮುಗಿಯುವುದರೊಳಗೆ ಕಳಿಸಿ. ಟೈಪ್ ಮಾಡಿಯೇ ಕಳಿಸಿ, ಕೈಬರಹದ ಫೋಟೋ ಬೇಡ. ಈ ಸಲ ಆರನೇ ಪುಟದ ಅರ್ಧಭಾಗ ನಿಮ್ಮ ಹೆಬ್ಬೆರಳೇ ತುಂಬಿಕೊಂಡಿತ್ತು.

ಇಂತಿ,
ಸಂಪಾದಕ