ಮಲೆನಾಡಿನಲ್ಲಿ ಮಂಗನ ಕಾಯಿಲೆಯ ಸಾವುಗಳು ಬೇಸಿಗೆಯಲ್ಲೇ ಯಾಕೆ ಹೆಚ್ಚು?

ಕಾಯಿಲೆ ಹರಡುವ ಉಣುಗಿನ (ಪ್ರಾಣಿಗಳ ಮೈಗಂಟಿ ರಕ್ತ ಹೀರುವ ಸಣ್ಣ ಹುಳ) ಮರಿಗಳು ಚುರುಕಾಗಿರುವ ತಿಂಗಳುಗಳೂ ಜನ ದರಗು (ಉದುರಿದ ಒಣ ಎಲೆ), ಸೌದೆಗೆ ಕಾಡು ಹೊಕ್ಕುವ ತಿಂಗಳುಗಳೂ ಒಂದೇ ಆಗಿರುವುದರಿಂದ. ಸುಮಾರಾಗಿ ಡಿಸೆಂಬರಿನಿಂದ ಮೇವರೆಗೆ.

ಉಣುಗು ಮೊಟ್ಟೆಯೊಡೆದ ಮೇಲೆ ಎರಡು ಹಂತ ದಾಟಿ ದೊಡ್ಡದಾಗುತ್ತದೆ. ಮನುಷ್ಯರನ್ನು ಹೆಚ್ಚಾಗಿ ಕಚ್ಚುವುದು ಎರಡನೇ ಹಂತದ, ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣ ಮರಿ. ಮಳೆ ನಿಂತು ನೆಲ ಒಣಗಿದಾಗ ಇದರ ಕಾಲ. ಸೋಂಕು ತಗುಲಿದ ಮಂಗ ಅಥವಾ ಮುಸಿಯ ಸತ್ತು ಬಿದ್ದರೆ ಅದರ ಮೈಮೇಲಿನ ಉಣುಗುಗಳೆಲ್ಲ ಅಲ್ಲೇ ಉದುರುತ್ತವೆ. ಸುತ್ತಲ ದರಗೆಲ್ಲ ಅಪಾಯಕಾರಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ ಅನ್ನುವುದು ಇದಕ್ಕೇ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ವೈರಸ್‌ಗೆ ಇಂದಿಗೂ ನೇರ ಔಷಧಿಯಿಲ್ಲ. ಸೋಂಕಿತರಲ್ಲಿ ನೂರಕ್ಕೆ ಮೂರರಿಂದ ಐದು ಮಂದಿ ಸಾಯುತ್ತಾರೆ. ರಕ್ತಸ್ರಾವ, ರಕ್ತದೊತ್ತಡದ ಕುಸಿತವನ್ನು ಆಸ್ಪತ್ರೆಯಲ್ಲಿ ಹೊತ್ತಿಗೆ ಸರಿಯಾಗಿ ನಿಭಾಯಿಸಿದರೆ ಬದುಕುವ ಸಾಧ್ಯತೆ ಹೆಚ್ಚು. ಹಾಗಾಗಿ ಕಾಡಂಚಿನ ಮನೆಗಳಿಗೆ ದೂರವೇ ದೊಡ್ಡ ಶತ್ರು ಅಂತ ನನ್ನ ಅಭಿಪ್ರಾಯ. ಇನ್ನೊಂದು ಮೋಸವಿದೆ: ಕೆಲವರಿಗೆ ಜ್ವರ ಬಿಟ್ಟು, ವಾರ ಎರಡು ವಾರ ಆರಾಮಾಗಿದ್ದು, ಮತ್ತೆ ಮರುಕಳಿಸಿ ಮಿದುಳಿಗೆ ತಟ್ಟುತ್ತದೆ. ಅಷ್ಟರಲ್ಲಿ ಅವರು ತೋಟದ ಕೆಲಸಕ್ಕೆ ಇಳಿದಿರುತ್ತಾರೆ.

ಅಂದಹಾಗೆ, ಇದು ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ರೋಗಿಯ ಮನೆಯವರನ್ನು ದೂರ ಇಡಬೇಕಾಗಿಲ್ಲ. ಕಾಡಿಗೆ ಹೋಗುವ ಮೊದಲು ಆರೋಗ್ಯ ಇಲಾಖೆ ಕೊಡುವ, ಉಣುಗು ಕಚ್ಚದಂತೆ ತಡೆಯುವ ಡೇಪಾ ತೈಲ ಹಚ್ಚಿಕೊಳ್ಳಿ, ಬಂದ ಕೂಡಲೇ ಬಿಸಿನೀರಲ್ಲಿ ಮಿಂದು ಬಟ್ಟೆ ಒಗೆಯಿರಿ.