ಗರಗಸದ ಕಾರ್ಡಿನಿಂದ ಶುರು ಮಾಡಿ, ಮೇಡಂ

ನಮಸ್ಕಾರ ಮೇಡಂ,

ಶ್ರೀನಿವಾಸಪುರದಿಂದ ನೀವು ಕಳಿಸಿದ ‘ಜಾಗತಿಕ ಸಂಶೋಧನೆ ಮತ್ತು ನಮ್ಮ ಶಿಕ್ಷಣ ನೀತಿ’ ಲೇಖನ ತಲುಪಿದೆ. ಎರಡು ಸಲ ಓದಿದೆ. ಈಗಿರುವ ಹಾಗೆ ಅದನ್ನು ನಮ್ಮ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಲೇಖನ ವಾಪಸ್ ಕಳಿಸುತ್ತಿಲ್ಲ, ನನ್ನ ಹತ್ತಿರವೇ ಇಟ್ಟುಕೊಂಡಿದ್ದೇನೆ. ಅದರ ಐದನೇ ಪುಟದಲ್ಲಿ ಎಂಟು ಸಾಲುಗಳಿವೆ. ಈ ಪತ್ರ ಆ ಎಂಟು ಸಾಲಿಗಾಗಿ.

ಕಾರ್ಡು ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ಕಲಿಯುವ ನಿಮ್ಮ ನಲಿ-ಕಲಿ ತರಗತಿ. ರ, ಗ, ಸ, ದ, ಅ ಕಲಿಯುವ ಮೊದಲ ಮೆಟ್ಟಿಲು. ಒಂದನೇ ತರಗತಿಯ ಹುಡುಗಿ ಒಂದು ಕಾರ್ಡು ಎತ್ತಿಕೊಳ್ಳುತ್ತಾಳೆ. ಮೇಲೆ ಗರಗಸದ ಚಿತ್ರ, ಕೆಳಗೆ ಅದರ ಹೆಸರು. ಏನಮ್ಮ ಇದು ಎಂದು ನೀವು ಕೇಳುತ್ತೀರಿ. ಅವಳು ‘ರಂಪಮು’ ಅನ್ನುತ್ತಾಳೆ. ನೀವು ತುಮಕೂರು ಕಡೆಯವರು, ತೆಲುಗು ಬಾರದು. ಮಗುವಿಗೆ ಅಕ್ಷರ ಹತ್ತಿಲ್ಲ ಎಂದುಕೊಂಡು ಅದೇ ಮೆಟ್ಟಿಲಲ್ಲಿ ಕೂರಿಸುತ್ತೀರಿ. ಹದಿನೇಳು ದಿನ. ಆಮೇಲೊಂದು ಬೆಳಿಗ್ಗೆ ಅವಳನ್ನು ಬಿಡಲು ಅಪ್ಪ ಬರುತ್ತಾರೆ. ಬಡಗಿ ಕೆಲಸದವರು. ಮಗಳ ಕೈಲಿದ್ದ ಕಾರ್ಡು ನೋಡಿ ನಗುತ್ತಾ ಅವರೂ ‘ರಂಪಮು’ ಅನ್ನುತ್ತಾರೆ. ಮನೆಯಲ್ಲಿ ದಿನಾ ನೋಡುವ ಸಾಮಾನಿನ ಹೆಸರನ್ನು ಹುಡುಗಿ ಸರಿಯಾಗಿಯೇ ಹೇಳಿದ್ದಳು ಅನ್ನುವುದು ನಿಮಗೆ ಆಗ ಗೊತ್ತಾಗುತ್ತದೆ.

ಇಲ್ಲಿ ಓದು ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ನೆ ಕೂತೆ. ನನ್ನದು ಮುಳಬಾಗಿಲು ಕಡೆಯ ಹಳ್ಳಿ, ಮನೆಮಾತು ತೆಲುಗು. ಒಂದನೇ ಕ್ಲಾಸಿನಲ್ಲಿ ಮೇಷ್ಟ್ರು ‘ಚೀಲ ತೆಗಿ’ ಅಂದಾಗ ನಾನು ತೆಗೆಯದೆ ಕೂತಿದ್ದಕ್ಕೆ ಬೆರಳ ಗೆಣ್ಣಿನ ಮೇಲೆ ಏಟು ಬಿತ್ತು. ‘ಸಂಚಿ’ ಅಂದಿದ್ದರೆ ತಕ್ಷಣ ತೆಗೆಯುತ್ತಿದ್ದೆ. ಕೋಲಾರ ಜಿಲ್ಲೆಯಲ್ಲಿ ನನ್ನಂಥವರು ಊರೂರಿಗೂ ಇದ್ದಾರೆ. ನಿಮ್ಮ ಎಂಟು ಸಾಲು ಅವರೆಲ್ಲರ ಕಥೆ.

ಅಂಥ ಕಥೆಯನ್ನು ನೀವು ಫಿನ್‌ಲ್ಯಾಂಡಿನ ನಾಲ್ಕು ಪುಟದ ಹಿಂದೆ ಬಚ್ಚಿಟ್ಟಿದ್ದೀರಿ.

ಫಿನ್‌ಲ್ಯಾಂಡಿನ ವಿಷಯವನ್ನೇ ಮೊದಲು ಮಾತಾಡೋಣ. ಅದು ಇವತ್ತಿಗೂ ಜಗತ್ತಿಗೇ ನಂಬರ್ ಒನ್ ಎಂದು ಬರೆದಿದ್ದೀರಿ. 15 ವರ್ಷದ ಮಕ್ಕಳಿಗೆ ಮುಂದುವರಿದ ದೇಶಗಳ ಕೂಟವಾದ ಒಇಸಿಡಿ ನಡೆಸುವ ಪಿಸಾ ಪರೀಕ್ಷೆ 2000ದಲ್ಲಿ ಶುರುವಾದಾಗ ಓದಿನಲ್ಲಿ ಫಿನ್‌ಲ್ಯಾಂಡ್ ಮೊದಲ ಸ್ಥಾನದಲ್ಲಿತ್ತು, ನಿಜ. ಆದರೆ 2003ರಲ್ಲಿ ಗಣಿತದಲ್ಲಿ 544 ಇದ್ದ ಅವರ ಅಂಕ 2022ಕ್ಕೆ 484ಕ್ಕೆ ಇಳಿದಿದೆ. ಆ ವರ್ಷ ಮೊದಲು ಬಂದದ್ದು ಸಿಂಗಾಪುರ. ‘ಅಲ್ಲಿ ಪರೀಕ್ಷೆಯೇ ಇಲ್ಲ’ ಎಂಬ ಮಾತೂ ಪೂರ್ತಿ ಸರಿಯಲ್ಲ. ಹೈಯರ್ ಸೆಕೆಂಡರಿ ಮುಗಿಯುವಾಗ ಅಲ್ಲೂ ದೇಶಕ್ಕೆಲ್ಲ ಒಂದೇ ಪರೀಕ್ಷೆ ಇದೆ.

ನಿಮ್ಮ ವಿಷಯಕ್ಕೆ ನಿಜವಾಗಿ ಬೇಕಾಗಿದ್ದನ್ನು ಬರೆದೇ ಇಲ್ಲ. ಬಡವರ ಮಕ್ಕಳು, ಉಳ್ಳವರ ಮಕ್ಕಳು ಒಂದೇ ಶಾಲೆಗೆ ಹೋಗಬೇಕು ಎಂಬ ಕಾನೂನನ್ನು ಅವರು ಮಾಡಿದ್ದು 1968ರಲ್ಲಿ. ಜಾರಿ ಶುರುವಾದದ್ದು 1972ರಲ್ಲಿ, ಅದೂ ರಾಜಧಾನಿಯಲ್ಲಲ್ಲ, ಉತ್ತರದ ತುದಿಯ ಲ್ಯಾಪ್‌ಲ್ಯಾಂಡಿನಲ್ಲಿ. ಅಲ್ಲಿಂದ ತೆಂಕಣಕ್ಕೆ ಇಳಿದು ಬಂದು ಮುಗಿಯುವಾಗ 1977 ಆಗಿತ್ತು. ಮೇಷ್ಟ್ರಾಗಲು ಸ್ನಾತಕೋತ್ತರ ಪದವಿ ಬೇಕು ಎಂದು 1979ರಲ್ಲಿ ಗೊತ್ತುಮಾಡಿದರು. ಜಗತ್ತು ಬೆರಗಾಗಿ ನೋಡುವ ಹೊತ್ತಿಗೆ ಕಾನೂನಿಗೆ ಮೂವತ್ತು ವರ್ಷ ದಾಟಿತ್ತು. ದೀರ್ಘಾವಧಿ ನೀತಿ ಎಂಬ ಮಾತನ್ನು ಹದಿನಾಲ್ಕು ಸಲ ಬಳಸಿದ್ದೀರಿ. ಅದು ಎಷ್ಟು ದೀರ್ಘ ಅನ್ನುವುದನ್ನು ಒಂದು ಸಲವೂ ತೋರಿಸಿಲ್ಲ.

ಇನ್ನೊಂದು, ‘ಅಧ್ಯಯನಗಳು ಹೇಳುತ್ತವೆ’. ಯಾವ ಅಧ್ಯಯನ? ಎಲ್ಲಿ, ಯಾವಾಗ, ಎಷ್ಟು ಮಕ್ಕಳು? ಓದುಗರಿಗೆ ಇದು ಬೇಕು. ಅಂಗನವಾಡಿ ಬಗ್ಗೆ ಬರೆಯುವಾಗ ‘ಬಾಲ್ಯದಲ್ಲಿ ಹೂಡಿಕೆ ಲಾಭದಾಯಕ ಎಂದು ಅಧ್ಯಯನಗಳು ಹೇಳುತ್ತವೆ’ ಎಂದು ಮುಗಿಸಿದ್ದೀರಿ. ಅದನ್ನೇ ಹೀಗೆ ಬರೆಯಬಹುದು: ಜಮೈಕಾದ ಕಿಂಗ್‌ಸ್ಟನ್ ಊರಿನಲ್ಲಿ 1986ರ ಸುಮಾರಿಗೆ ವಯಸ್ಸಿಗೆ ತಕ್ಕಷ್ಟು ಬೆಳೆಯದ 129 ಕೂಸುಗಳನ್ನು ಆರಿಸಿದರು. ಕೆಲವು ಮನೆಗಳಿಗೆ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷ, ವಾರಕ್ಕೊಂದು ಗಂಟೆ ಹೋದರು. ಬಿಸಾಡಿದ ಸಾಮಾನಿನಿಂದ ಮಾಡಿದ ಆಟಿಕೆ ಒಯ್ದು, ಮಗುವಿನ ಜೊತೆ ಹೇಗೆ ಆಡಬೇಕು ಎಂದು ತಾಯಿಗೆ ತೋರಿಸಿದರು. ಇಪ್ಪತ್ತು ವರ್ಷದ ಮೇಲೆ ಹುಡುಕಿಕೊಂಡು ಹೋಗಿ ನೋಡಿದರೆ, ಆ ಮನೆಗಳ ಮಕ್ಕಳು ಉಳಿದವರಿಗಿಂತ ಸುಮಾರು 25% ಹೆಚ್ಚು ದುಡಿಯುತ್ತಿದ್ದರು. ಇದನ್ನು ಓದಿದ ಬಂಗಾರಪೇಟೆಯ ಅಂಗನವಾಡಿ ಕಾರ್ಯಕರ್ತೆ ‘ಇದು ನನ್ನ ಕೆಲಸದ ಮಾತು’ ಅಂದುಕೊಳ್ಳುತ್ತಾರೆ. ನಿಮ್ಮ ವಾಕ್ಯ ಓದಿದರೆ ಪುಟ ಮಗುಚುತ್ತಾರೆ.

ಈಗ ನಿಮ್ಮ ಹುಡುಗಿಯ ಮಾತಿಗೆ ಬರೋಣ. ಅವಳ ಕಥೆ ಓದುವಾಗ ನನಗೆ ಕೀನ್ಯಾ ನೆನಪಾಯಿತು. 1990ರ ದಶಕದಲ್ಲಿ ಅಲ್ಲಿನ ಪಶ್ಚಿಮ ಭಾಗದ ಹಳ್ಳಿ ಶಾಲೆಗಳಿಗೆ ಪಠ್ಯಪುಸ್ತಕ ಹಂಚಿ ಏನಾಗುತ್ತದೆ ಎಂದು ಸಂಶೋಧಕರು ಅಳೆದರು. 2019ರಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಅವರ ಜೊತೆ ಅರ್ಥಶಾಸ್ತ್ರದ ನೊಬೆಲ್ ಹಂಚಿಕೊಂಡ ಮೈಕಲ್ ಕ್ರೆಮರ್ ಅವರಲ್ಲೊಬ್ಬರು. ಪುಸ್ತಕ ಸಿಕ್ಕರೆ ಎಲ್ಲರ ಅಂಕ ಏರುತ್ತದೆ ಎಂದು ಯಾರಿಗಾದರೂ ಅನಿಸುತ್ತದೆ, ಅಲ್ವಾ? ಏರಲಿಲ್ಲ. ಮೊದಲೇ ಚೆನ್ನಾಗಿ ಓದುತ್ತಿದ್ದ ಮಕ್ಕಳಿಗೆ ಮಾತ್ರ ಲಾಭವಾಯಿತು. ಪುಸ್ತಕ ಇದ್ದದ್ದು ಇಂಗ್ಲಿಷಿನಲ್ಲಿ. ಬಹಳಷ್ಟು ಮಕ್ಕಳಿಗೆ ಅದು ಮೂರನೇ ಭಾಷೆ. ಪುಸ್ತಕ ಕೈಯಲ್ಲೇ ಇತ್ತು, ಒಳಗೆ ಹೋಗಲು ದಾರಿ ಇರಲಿಲ್ಲ. ನಿಮ್ಮ ಹುಡುಗಿಯ ಕೈಯಲ್ಲಿ ಕಾರ್ಡು ಇದ್ದ ಹಾಗೆಯೇ. ಈ ಎರಡನ್ನೂ ಪಕ್ಕಪಕ್ಕ ಇಟ್ಟು ಬರೆಯಿರಿ, ಸಾಕು. ಅರ್ಥ ಓದುಗರಿಗೆ ತಾನಾಗಿ ಹೊಳೆಯುತ್ತದೆ.

ಆ ಕಾರ್ಡು ಎಲ್ಲಿಂದ ಬಂತು ಅನ್ನುವುದನ್ನೂ ಹೇಳಿ. ನಲಿ-ಕಲಿ ‘ಸರ್ಕಾರದ ಯೋಜನೆ’ ಎಂದು ಒಂದೇ ಸಾಲಿನಲ್ಲಿ ದಾಟಿಬಿಟ್ಟಿದ್ದೀರಿ. ನಿಮ್ಮ ತಾಲ್ಲೂಕಿನ ಗಡಿಯಾಚೆಯ ಮದನಪಲ್ಲಿ ಹತ್ತಿರ ರಿಷಿ ವ್ಯಾಲಿ ಶಾಲೆ ಇದೆ. ಸುತ್ತಲಿನ ಹಳ್ಳಿಗಳಲ್ಲಿ ಒಬ್ಬರೇ ಮೇಷ್ಟ್ರು ನಾಲ್ಕೈದು ತರಗತಿ ನೋಡಿಕೊಳ್ಳಬೇಕಾದಾಗ ಅಲ್ಲಿನವರು ಕಲಿಕೆಯನ್ನು ಏಣಿಯ ಹಾಗೆ ಮೆಟ್ಟಿಲು ಮಾಡಿ, ಕಾರ್ಡುಗಳಲ್ಲಿ ಬರೆದು ಪೆಟ್ಟಿಗೆಯಲ್ಲಿಟ್ಟರು. ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯ ಶಿಕ್ಷಕರು 1995ರಲ್ಲಿ ಅದನ್ನು ಹೋಗಿ ನೋಡಿ ಬಂದರು. ಯುನಿಸೆಫ್ ನೆರವಿನಲ್ಲಿ ತಮ್ಮ ಮಕ್ಕಳಿಗೆ ತಕ್ಕ ಕಾರ್ಡುಗಳನ್ನು ತಾವೇ ಬರೆದರು. 2009-10ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ತೆಲುಗು ನಾಡಿನ ಹಳ್ಳಿಯಲ್ಲಿ ಹುಟ್ಟಿದ ಪದ್ಧತಿ ಕಾಡಂಚಿನ ತಾಲ್ಲೂಕು ಸುತ್ತಿಕೊಂಡು, ಕನ್ನಡ ಕಲಿತು, ತೆಲುಗು ಮಾತಾಡುವ ನಿಮ್ಮ ಹುಡುಗಿಯ ಮುಂದೆ ಬಂದು ಕೂತಿದೆ. ಇದನ್ನು ಬರೆಯಲು ಶ್ರೀನಿವಾಸಪುರದಲ್ಲಿ ಇರುವವರಿಗಿಂತ ಹಕ್ಕುಳ್ಳವರು ಯಾರು ಮೇಡಂ?

ಕೊನೆಯ ಪುಟದಲ್ಲಿ ‘ಸರ್ಕಾರ ಸೂಕ್ತ ನೀತಿ ರೂಪಿಸಬೇಕು’ ಎಂದಿದ್ದೀರಿ. ಸೂಕ್ತ ಅಂದರೆ ಯಾವುದು? ಮಗುವಿಗೆ ತಾಯ್ನುಡಿಯಲ್ಲೇ ಕಲಿಸುವುದು ಒಳ್ಳೆಯದು ಎಂದು ಯುನೆಸ್ಕೊ ವರದಿ 1953ರಲ್ಲೇ ಹೇಳಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ, ಸಾಧ್ಯವಿರುವ ಕಡೆ ಕನಿಷ್ಠ ಐದನೇ ತರಗತಿವರೆಗೆ ಮನೆಯ ಭಾಷೆ, ತಾಯ್ನುಡಿ, ಸ್ಥಳೀಯ ಭಾಷೆ, ಪ್ರಾದೇಶಿಕ ಭಾಷೆ ಎಂದು ನಾಲ್ಕನ್ನೂ ನಡುವೆ ಬರೀ ಓರೆಗೆರೆ ಹಾಕಿ ಒಟ್ಟಿಗೆ ಬರೆದಿದೆ. ಮಂಡ್ಯದಲ್ಲಿ ಈ ನಾಲ್ಕೂ ಹೆಚ್ಚು ಕಡಿಮೆ ಒಂದೇ. ನಿಮ್ಮ ತರಗತಿಯಲ್ಲಿ ಮನೆಯ ಭಾಷೆ ತೆಲುಗು, ರಾಜ್ಯದ ಭಾಷೆ ಕನ್ನಡ. ಆ ಗೆರೆಯ ಮೇಲೆ ಕೂತಿದ್ದಾಳೆ ನಿಮ್ಮ ಹುಡುಗಿ. ಕನ್ನಡವನ್ನು ಬಿಡದೆ, ಅವಳ ತೆಲುಗನ್ನು ತಪ್ಪು ಎನ್ನದೆ, ಮೊದಲ ಆರು ತಿಂಗಳು ಹೇಗೆ ಕಲಿಸಬೇಕು? ನಿಮ್ಮ ಉತ್ತರ ಏನಿದ್ದರೂ ಅದನ್ನು ಬರೆಯಿರಿ. ನನಗೆ ಒಪ್ಪಿಗೆ ಆಗದಿದ್ದರೂ ಹಾಕುತ್ತೇನೆ.

‘ನಂತರ ಅವಳು ಕಲಿತಳು’ ಎಂದು ಮೂರೇ ಪದದಲ್ಲಿ ಮುಗಿಸಿದ್ದೀರಿ. ಹೇಗೆ ಕಲಿತಳು? ಯಾವ ತಟ್ಟೆಯಲ್ಲಿ, ಅಂದರೆ ಯಾವ ಗುಂಪಿನಲ್ಲಿ ಕೂರಿಸಿದಿರಿ, ಗೆಳೆಯರ ಸಹಾಯದ್ದರಲ್ಲೋ, ನಿಮ್ಮ ಪಕ್ಕದಲ್ಲೋ? ಮೂರನೇ ತರಗತಿಯವರು ಯಾರಾದರೂ ತೆಲುಗಿನಲ್ಲಿ ಹೇಳಿಕೊಟ್ಟರಾ? ನೀವು ಎಷ್ಟು ತೆಲುಗು ಪದ ಕಲಿತಿರಿ? ಆ ಹದಿನೇಳು ದಿನ ಅವಳ ಮುಖ ಹೇಗಿತ್ತು? ತಪ್ಪಾಯಿತು ಎಂದು ಬರೆಯುವುದಕ್ಕೆ ನಿಮಗೆ ಸಂಕೋಚ ಇರಬಹುದು, ಅದಕ್ಕೇ ಓಡಿಸಿಕೊಂಡು ಹೋಗಿದ್ದೀರಿ ಅನಿಸಿತು. ಓಡಬೇಡಿ. ಇಲ್ಲಿ ಎರಡು ಪುಟ ನಿಲ್ಲಿ.

ಮೊದಲ ನಾಲ್ಕು ಪುಟ ತೆಗೆಯಿರಿ. ಫಿನ್‌ಲ್ಯಾಂಡಿಗೆ ಒಂದು ಪ್ಯಾರಾ ಕೊಟ್ಟರೂ ಜಾಸ್ತಿಯೇ. ನಿಮ್ಮ ತರಗತಿಯಲ್ಲಿ ಎಷ್ಟು ಮಕ್ಕಳ ಮನೆಯಲ್ಲಿ ಯಾವ ಮಾತು ಎಂದು ಹಾಜರಿ ಪುಸ್ತಕ ಎದುರಿಟ್ಟುಕೊಂಡು ಎಣಿಸಿ, ಆ ಲೆಕ್ಕ ಬರೆಯಿರಿ. ಹುಡುಗಿಯ ಹೆಸರು ಬೇಡ. ಅವಳ ಅಪ್ಪ ಅಮ್ಮನಿಗೆ ಒಂದು ಮಾತು ಹೇಳಿ, ಅವರು ಹೂಂ ಅಂದ ಮೇಲೆ ಕಳಿಸಿ. ಮಾವಿನ ಸುಗ್ಗಿಯಲ್ಲಿ ಅವರು ಸಿಗುವುದು ಕಷ್ಟವಾದರೆ ನಿಧಾನವಾದರೂ ಪರವಾಗಿಲ್ಲ, ಜುಲೈ ಸಂಚಿಕೆಯಲ್ಲಿ ನಾಲ್ಕು ಪುಟ ಬಿಟ್ಟಿರುತ್ತೇನೆ. ಗರಗಸದ ಕಾರ್ಡಿನ ಒಂದು ಫೋಟೊ ಜೊತೆಗಿರಲಿ. ಮೂಲೆ ಮಡಚಿ ಸವೆದಿದ್ದರೆ ಹಾಗೇ ಇರಲಿ.

ನಿಮ್ಮ,
ಸಂಪಾದಕ
ಕೋಲಾರ